ಕೆಳಗಿಳಿಯದ ಗೆರೆ

ನರ್ಸ್ ಫರಹಾನಾಳ ಮುಖ ಬದಲಾದದ್ದನ್ನು ಪಂಢರೀನಾಥ ಕುಲಕರ್ಣಿಯವರು ಮಂಚದ ಮೇಲಿಂದಲೇ ನೋಡಿದರು. ಅವರ ಎದೆಯ ಮೇಲಿನ ವೈರುಗಳನ್ನು ಬಿಚ್ಚಿ, ಇಸಿಜಿ ಹಾಳೆಗಳನ್ನು ಜೋಡಿಸುತ್ತಿದ್ದವಳು ಒಮ್ಮೆಲೇ ನಿಂತಳು.

"ಸರ್, ಹೊರಗ ಕುಂದರ್ರಿ. ಮೇಡಮ್ಮಾರಿಗೆ ತೋರಿಸಿ ಬರ್ತೇನಿ," ಎಂದವಳೇ ಓಡಿದಳು.

ಅಷ್ಟರಲ್ಲಿ ಮೇಲಿದ್ದ ಹಾಳೆ ಅವರ ಕಣ್ಣಿಗೆ ಬಿದ್ದಿತ್ತು. ಮೂಲೆಯಲ್ಲಿ ಕುಲಕರ್ಣಿ ಎಂಬ ಹೆಸರು, ಅದರ ಕೆಳಗೆ ಗೆರೆ. ನೋಡಿದ್ದು ಸಾಕಾಗಿತ್ತು.

ಇಳಕಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅವರು. ಚೌಕಳಿ ಕಾಗದದ ಮೇಲಿನ ಗೆರೆ ಓದುವುದೆಂದರೆ ನೀರು ಕುಡಿದಷ್ಟು ಸಲೀಸು. ಎದೆ ಉರಿ ಶುರುವಾದಾಗಿನಿಂದ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಇಸಿಜಿಯ ಅಕ್ಷರಾಭ್ಯಾಸವನ್ನೂ ಮುಗಿಸಿದ್ದರು. ಮೊದಲು ಒಂದು ಪುಟ್ಟ ದಿಬ್ಬ: ಹೃದಯದ ಮೇಲಿನ ಕೋಣೆಗಳು ಹಿಂಡಿಕೊಳ್ಳುತ್ತವೆ. ಆಮೇಲೆ ಮೊನಚು ಶಿಖರ: ಕೆಳಗಿನ ದೊಡ್ಡ ಕೋಣೆಗಳು ರಕ್ತವನ್ನು ಮೈಗೆಲ್ಲ ದೂಡುತ್ತವೆ. ಕೊನೆಗೆ ದುಂಡನೆಯ ಇನ್ನೊಂದು ದಿಬ್ಬ: ದಣಿದ ಸ್ನಾಯು ಸುಧಾರಿಸಿಕೊಳ್ಳುತ್ತದೆ. ಶಿಖರಕ್ಕೂ ಕೊನೆಯ ದಿಬ್ಬಕ್ಕೂ ನಡುವೆ ಗೆರೆ ನೆಲಕ್ಕೆ ಇಳಿಯಬೇಕು. ಇಳಿಯದೆ ಮೇಲೆಯೇ ನಿಂತಿತೆಂದರೆ ರಕ್ತನಾಳ ಕಟ್ಟಿಕೊಂಡಿದೆ, ಸ್ನಾಯು ಸಾಯುತ್ತಿದೆ.

ಆ ಹಾಳೆಯಲ್ಲಿ ಗೆರೆ ಇಳಿದಿರಲಿಲ್ಲ.

ಅವರ ಜೀವ ಬಾಯಿಗೆ ಬಂತು. ಅಂಗಿಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡು ಹೊರಗೆ ನಡೆದರು. ಮೇಷ್ಟ್ರ ಪುಕ್ಕಲುತನ ಓಣಿಗೆಲ್ಲ ಗೊತ್ತಿದ್ದದ್ದೇ. ಕೊರೊನಾ ಸೂಜಿಯನ್ನು ಹೆಂಡತಿ ತುಳಸೀಬಾಯಿ ಚುಚ್ಚಿಸಿಕೊಂಡು ನಾಲ್ಕು ದಿನ ಬದುಕಿದ್ದನ್ನು ನೋಡಿಯೇ ತೋಳು ಕೊಟ್ಟಿದ್ದ ಮಹಾಶೂರರು! ಇವತ್ತೂ ವೈರು ಕಂಡು, ಕರೆಂಟು ಹೊಡೆದೀತೆಂದು ಹಟ ಹಿಡಿದು, ಮೊದಲು ಅವಳನ್ನೇ ಮಲಗಿಸಿ ಇಸಿಜಿ ತೆಗೆಸಿ ಖಾತ್ರಿ ಮಾಡಿಕೊಂಡಿದ್ದರು. ಆದರೆ ಸಾವಿನೆದುರು ಹಾಗೆ ಅವಳನ್ನು ಮುಂದೆ ಮಾಡಲು ಬರುತ್ತದೆಯೇ?

ತುಳಸೀಬಾಯಿ ಹೊರಗೆ ಬೆಂಚಿನ ಮೇಲಿದ್ದಳು. ಫ್ಯಾನು ತಿರುಗುತ್ತಿದ್ದರೂ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. ದವಾಖಾನೆಯ ಮೆಟ್ಟಿಲು ಹತ್ತುವಾಗಲೂ ನಡುನಡುವೆ ನಿಂತು ತಡ ಮಾಡಿ ಗಂಡನಿಂದ ಬೈಸಿಕೊಂಡಿದ್ದಳು.

"ನನ್ನ ಕಥಿ ಮುಗೀತು," ಎಂದರು ಪಂಢರೀನಾಥರು.

"ಏನೂ ಆಗೂದಿಲ್ಲರಿ. ನಿನ್ನೆ ಅಷ್ಟು ಮಿರ್ಚಿ ಭಜಿ ತಿಂದ್ರಿ, ಎದಿ ಉರೀಲಾರದ ಏನ್ಮಾಡೀತು?" ಅವಳು ದವಡೆ ಒತ್ತಿಕೊಂಡಳು. "ಮನಿಗೆ ಹೋಗೂಮುಂದ ಹಲ್ಲಿನ ಡಾಕ್ಟರ ಕಡೆ ಹಾದು ಹೋಗೂಣು."

"ನಾ ಸಾಯ್ಲಿಕ್ಕೆ ಹತ್ತೇನಿ, ನಿನಗ ಹಲ್ಲಿನ ಚಿಂತಿ."

ತುಳಸೀಬಾಯಿ ಸುಮ್ಮನಾದಳು. ಒಂದಕ್ಕೆರಡು ಮಾತು ಕೊಡುವ ಹೆಂಗಸು ಹೀಗೆ ಬಾಯಿ ಮುಚ್ಚಿದಳೆಂದರೆ ಅವಳಿಗೂ ಗೊತ್ತಾಗಿಹೋಗಿದೆ ಎಂದುಕೊಂಡರು. ಅವಳ ಪಕ್ಕಕ್ಕೆ ಕುಳಿತರು.

ಒಳಗಿನಿಂದ ಡಾಕ್ಟರ್ ದಾನೇಶ್ವರಿ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಬಾಗಲಕೋಟಿಗೆ ಈಗ ಕಳಸ್ತೇನ್ರಿ. ದೊಡ್ಡ ಅಟ್ಯಾಕ್ ಐತಿ. ಹೊತ್ತು ಹೋದ್ರ ಕೈ ಮೀರತೈತಿ."

ಪಂಢರೀನಾಥರಿಗೆ ಅಳು ಉಕ್ಕಿ ಬಂತು. ಹೆಂಡತಿಯ ಕೈ ಹಿಡಿದುಕೊಂಡರು. ಅದು ತಣ್ಣಗೆ ಒದ್ದೆಯಾಗಿತ್ತು. ಪಾಪ, ಎಷ್ಟು ಹೆದರಿದ್ದಾಳೆ, ಇಷ್ಟು ವರ್ಷ ಇವಳ ಕೈಯನ್ನು ಹೀಗೆ ಹಿಡಿಯಲೇ ಇಲ್ಲವಲ್ಲ ಎಂದು ಇನ್ನಷ್ಟು ಬಿಗಿಯಾಗಿ ಹಿಡಿದರು.

"ನಾ ಹೋದಮ್ಯಾಲ ಹೆಂಗಿರ್ತೀ?"

"ನನಗೇನು ಧಾಡಿ? ಒಬ್ಬರ ಇರ್ಲಿಕ್ಕೆ ಆಗಲಾರದವರು ನೀವು. ಒಂದು ಕಪ್ ಚಹಾ ಮಾಡ್ಕೊಳ್ಳಿಕ್ಕೆ ಬರೂದಿಲ್ಲ ನಿಮಗ," ಎಂದಳು, ಒಂದೊಂದೇ ಮಾತನ್ನು ಎಳೆದೆಳೆದು.

ಬಾಗಿಲು ತೆರೆಯಿತು. ಡಾಕ್ಟರ್ ತಾವೇ ಗಾಲಿಕುರ್ಚಿ ದೂಡಿಕೊಂಡು ಬಂದರು. ಹಿಂದೆ ಅಂಗೈಯಲ್ಲಿ ಗುಳಿಗೆ ಹಿಡಿದ ಫರಹಾನಾ. ಪಂಢರೀನಾಥರು ಎದ್ದು, ಪಾಂಡುರಂಗನನ್ನು ನೆನೆದು, ಜೀವಮಾನದಲ್ಲಿ ಮೊದಲ ಸಲ ಹೆಂಡತಿಗಿಂತ ಮುಂದೆ ಹೆಜ್ಜೆಯಿಟ್ಟು ಕುರ್ಚಿಯಲ್ಲಿ ಕುಳಿತುಬಿಟ್ಟರು.

"ಏಳ್ರಿ ಸರ್, ನಿಮ್ಮ ಇಸಿಜಿ ಚಲೋ ಐತಿ," ಎಂದರು ಡಾಕ್ಟರ್. "ಅಟ್ಯಾಕ್ ಆಗಿರೂದು ತುಳಸೀಬಾಯಾರಿಗೆ."