ಸ್ಪ್ರಿಂಗ್ ಸಿಡಿದ ಮಧ್ಯಾಹ್ನ

ಗ್ಯಾರೇಜಿನ ಮುಂದೆ ಹಾಯುವಾಗ ಗ್ರೀಸಿನ ವಾಸನೆ ಬಂದರೆ ಈಗಲೂ ನನ್ನ ಹೆಜ್ಜೆ ನಿಧಾನವಾಗುತ್ತದೆ.

ಮುಧೋಳದ ನಮ್ಮ ಹಿತ್ತಲಲ್ಲಿ ಅಪ್ಪ ಮತ್ತು ಕಾಕಾ ಹಳೆಯ ಎಸ್‌ಯುವಿ ಗಾಡಿಯನ್ನು ಎತ್ತರಿಸುತ್ತಿದ್ದರು. ಕಬ್ಬಿನ ಹೊಲದ ದಾರಿಯಲ್ಲಿ ಅದರ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಹೊಸ ಸಾಮಾನು ದುಬಾರಿಯೆಂದು ಅಪ್ಪ ಗುಜರಿಯಿಂದ ಉದ್ದನೆಯ ಸ್ಪ್ರಿಂಗುಗಳನ್ನು ತಂದಿದ್ದ. ಅವನ್ನು ಕ್ಲಾಂಪಿನಿಂದ ಬಿಗಿದು ಅದುಮಿ ಕೂಡಿಸಬೇಕಿತ್ತು.

"ಅಣ್ಣಾ, ಈ ಕ್ಲಾಂಪ್ ಸವದೈತಿ. ಬ್ಯಾರೇದು ತರೂಣು," ಎಂದ ಕಾಕಾ.

"ಸುಮ್ನ ಹಿಡಿ ಲೇ, ಅಂಜುಬುರಕ!" ಎಂದು ಅಪ್ಪ ಗದರಿದ.

ಕ್ಲಾಂಪು ಮುರಿಯಿತು. ಸ್ಪ್ರಿಂಗ್ ಸಿಡಿದು ಕಾಕಾನ ದವಡೆಗೆ ಬಡಿದು, ಹಿಂದಿನ ತಗಡಿನ ಗೋಡೆಯನ್ನು ಹರಿದುಕೊಂಡು ಹೋಯಿತು. ಬಾಯಿತುಂಬ ರಕ್ತದೊಂದಿಗೆ ಎದ್ದ ಕಾಕಾ ಕೈಯಲ್ಲಿದ್ದ, ನಟ್ಟು ಬಿಗಿಯುವ ಪಾನಾದಿಂದಲೇ ಅಪ್ಪನ ಹಣೆಗೆ ಹೊಡೆದ. ಕೆಡವಿ, ಎದೆಯ ಮೇಲೆ ಕೂತು ಮತ್ತೆ ಕೈಯೆತ್ತಿದ. ನಾನು ಪಕ್ಕದಲ್ಲಿ ನಿಂತಿದ್ದ ಅವ್ವನ ಸೀರೆಯಲ್ಲಿ ಮುಖ ಮುಚ್ಚಿಕೊಂಡೆ.

"ಹೊಡಿ ತಮ್ಮಾ. ತಪ್ಪು ನಂದ ಐತಿ," ಎಂದ ಅಪ್ಪನ ದನಿ ಕೇಳಿಸಿತು.

ಗಾಜು ಒಡೆದ ಸದ್ದಿಗೆ ಕಣ್ಣು ಬಿಟ್ಟೆ. ಕಾಕಾ ಪಾನಾವನ್ನು ಗಾಡಿಗೆ ಬೀಸಿ ಒಗೆದು, ಅಪ್ಪನ ಎದೆಯ ಮೇಲೇ ಕುಸಿದು ಅಳುತ್ತಿದ್ದ.

ಜಮಖಂಡಿಯ ಆಸ್ಪತ್ರೆಯಲ್ಲಿ ಕೂಡಿಸಿದ ದವಡೆ ಮೊದಲಿನಂತಾಗಲಿಲ್ಲ. ಕಾಕಾನ ಮಾತು ತೊದಲಾಗಿಯೇ ಉಳಿಯಿತು. ಯಾರಾದರೂ "ಏನಂದ್ರಿ?" ಎಂದು ಕೇಳಿದರೆ, ಅವನು ಎರಡನೇ ಸಲ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅಪ್ಪ ಬಿಡಿಸಿ ಹೇಳಿಬಿಡುತ್ತಿದ್ದ.