ಹಿಂದಿನ ಮನೆಯ ಕಿಟಕಿಗೆ ಬೀಸಿದ ಬಿಸಿಗಾಳಿ

ಗೋಡೆ ಕೊರೆದವರು ಹೋದ ಮೇಲೆ ಚಿಕ್ಕಮ್ಮ ಒದ್ದೆ ಬಟ್ಟೆ ತಂದು ನೆಲ ಒರೆಸತೊಡಗಿದರು.

ಇಟ್ಟಿಗೆಯ ಕೆಂಪು ಧೂಳು ಮಂಚದ ಕೆಳಗೂ ಹೋಗಿತ್ತು. ಒರೆಸಿದರು, ಹಿಂಡಿದರು, ಮತ್ತೆ ಒರೆಸಿದರು.

ಗೋಡೆಯ ಮೇಲೆ ಹೊಸ ಎಸಿ ಬೆಳ್ಳಗೆ ಕೂತಿತ್ತು.

ನಮ್ಮದು ಮೈಸೂರು. ಬೇಸಿಗೆ ಅಂದರೆ ಏಪ್ರಿಲ್‌ನಲ್ಲಿ ಕೆಲವು ಮಧ್ಯಾಹ್ನ ಸೆಕೆ, ಸಂಜೆಯಾದರೆ ಗಾಳಿ. ಫ್ಯಾನ್ ಹಾಕಿ ಕಿಟಕಿ ತೆರೆದರೆ ಸಾಕು.

ಆದರೆ ಚಿಕ್ಕಪ್ಪ ಫಾಲಾಕ್ಷಪ್ಪನವರ ಮಗಳನ್ನು ರಾಯಚೂರಿಗೆ ಕೊಟ್ಟಿತ್ತು. ಮದುವೆಯಾದ ಮೇಲಿನ ಮೊದಲ ಯುಗಾದಿ... ಅಳಿಯಂದಿರು ಬರುವವರಿದ್ದರು.

"ಅವ್ರ ಮನೇಲಿ ರೂಮಿಗೊಂದು ಎಸಿ ಇದೆ. ಇಲ್ಲಿ ಬಂದು ಬೆವರು ಒರೆಸ್ಕೊಂಡು ಕೂತ್ರೆ ನಮ್ ಮರ್ಯಾದೆ ಏನಾಗ್ಬೇಕು?" ಅಂದರು ಚಿಕ್ಕಪ್ಪ.

ಅಳಿಯಂದಿರು ಬಂದರು. ಎಸಿ ನೋಡಿ ನಕ್ಕರು.

"ನಿಮ್ಮೂರಾಗ ಇದು ಯಾತಕ್ರೀ ಮಾವಾರ? ಇದಕ್ಕ ಬ್ಯಾಸಗಿ ಅಂತೀರೇನು? ನಮ್ಮ ಕಡಿ ಒಮ್ಮಿ ಬರ್ರಿ, ಬಿಸಲು ಅಂದ್ರ ಏನು ಅಂತ ತೋರಸ್ತೀನಿ."

ಇದ್ದಷ್ಟು ದಿನವೂ ಅವರು ಚಾಪೆ, ದಿಂಬು ತೆಗೆದುಕೊಂಡು ತಾರಸಿಗೆ ಹೋಗಿ ಮಲಗಿದರು... ತಣ್ಣನೆ ಗಾಳಿ ಅಂತ.

ಹಬ್ಬ ಮುಗಿದು ಅವರು ಊರಿಗೆ ಹೋದರು. ಎಸಿ ಉಳಿಯಿತು.

"ಹಾಕ್ಸಿದ್ಮೇಲೆ ಉಪಯೋಗಿಸ್ಬೇಕಲ್ವೇನೇ? ಗೋಡೇಲಿ ಸುಮ್ನೆ ನೇತಾಡ್ಲಿ ಅಂತ ಹಾಕ್ಸಿದ್ನಾ?" ಅಂದರು ಚಿಕ್ಕಪ್ಪ.

ದಿನಾ ಅಂಗಡಿಯಿಂದ ಊಟಕ್ಕೆ ಬಂದವರು ಕೋಣೆಯ ಕಿಟಕಿ, ಬಾಗಿಲು ಎಲ್ಲ ಮುಚ್ಚಿಸುತ್ತಿದ್ದರು. ನಾವೆಲ್ಲ ಅಲ್ಲೇ ಟಿವಿ ನೋಡುತ್ತಾ ಕೂರುತ್ತಿದ್ದೆವು. ಚಳಿಯಾಗಿ ಚಿಕ್ಕಮ್ಮ ಶಾಲು ಹೊದ್ದುಕೊಳ್ಳುತ್ತಿದ್ದರು.

ಎಸಿಯ ಹೊರಗಿನ ಮಿಷನ್ ಹಿಂದಿನ ಸಂದಿಯಲ್ಲಿತ್ತು.

ಆ ಸಂದಿ ಎಷ್ಟು ಕಿರಿದು ಅಂದರೆ... ಹಿಂದಿನ ಮನೆಯ ನಂಜಮಣಿ ತನ್ನ ಕಿಟಕಿಯಿಂದ, ನಾವು ನಮ್ಮ ಕಿಟಕಿಯಿಂದ ಕೈ ಚಾಚಿದರೆ ಕೈಗೆ ಕೈ ಸಿಗುತ್ತಿತ್ತು. ಬಸ್ಸಾರಿನ ಬಟ್ಟಲು, ಒಗ್ಗರಣೆಗೆ ಕರಿಬೇವು, ಹಬ್ಬದ ಒಬ್ಬಟ್ಟು, ಎಲ್ಲ ಹೋಗಿ ಬರುತ್ತಿದ್ದುದು ಅಲ್ಲಿಂದಲೇ. ಬಾಗಿಲಿಂದ ಬರಬೇಕಾದರೆ ಬೀದಿ ಸುತ್ತಬೇಕು. ಅವರ ಬಾಗಿಲು ಬೇರೆ ರಸ್ತೆಗೆ.

ಆ ಕಿಟಕಿಯ ಪಕ್ಕದಲ್ಲೇ ಅವಳ ಗಂಡ ಚೆಲುವರಾಜುವಿನ ಮಂಚ. ಅವರಿಗೆ ದಮ್ಮು. ಗಾಳಿ ಬರುವ ಜಾಗ ಅಂದರೆ ಆ ಮನೆಯಲ್ಲಿ ಅದೊಂದೇ.

ನಂಜಮಣಿ ಒಮ್ಮೆ ಕೇಳಿದ್ದಳು.

"ಅಕ್ಕ, ಆ ಮಿಷನ್ನಿನ ಬಿಸಿ ಸೀದಾ ಇವ್ರ್ ಮಕಕ್ಕೇ ಬಡೀತದೆ. ಒಸಿ ಮ್ಯಾಕೆ ಹಾಕ್ಸಕ್ಕಾಯ್ತದಾ?"

ಚಿಕ್ಕಮ್ಮ ಗಂಡನ ಕಡೆ ತಿರುಗಿದರು.

"ನಮ್ ಗೋಡೆಗೆ ನಾವ್ ಹಾಕ್ಕೊಂಡಿದೀವಿ. ಅಷ್ಟೊಂದು ಸೆಕೆ ಆದ್ರೆ ಕಿಟಕಿ ಮುಚ್ಕೊಳ್ಳಕ್ಕೇಳು," ಅಂದರು ಚಿಕ್ಕಪ್ಪ. ಕೇಳಿಸಲಿ ಅಂತಲೇ ಜೋರಾಗಿ ಹೇಳಿದರು.

ನಂಜಮಣಿ ಮುಖ ಸಪ್ಪಗಾಯಿತು. "ಆಯ್ತು ಬುಡಿ ಅಣ್ಣ," ಅಂದಳು.

ಕಿಟಕಿ ಮುಚ್ಚಿಕೊಂಡಳು...

ಆಮೇಲೆ ಬಟ್ಟಲುಗಳೂ ಬರಲಿಲ್ಲ, ದೂರೂ ಬರಲಿಲ್ಲ. "ನೋಡ್ದಾ, ಒಂದ್ಸಲ ಹೇಳಿದ್ಮೇಲೆ ತೆಪ್ಪಗಾದ್ರು," ಅಂತ ಚಿಕ್ಕಪ್ಪ ಬೀಗಿದರು.

ಒಂದು ಮಧ್ಯಾಹ್ನ ಎಂದಿನಂತೆ ಊಟವಾಗಿ ನಾವೆಲ್ಲ ಕೋಣೆಯೊಳಗಿದ್ದೆವು. ಟಿವಿಯಲ್ಲಿ ನಗೆಯ ಕಾರ್ಯಕ್ರಮ.

ಬಿಸಿಲು ಇಳಿದ ಮೇಲೆ ಚಿಕ್ಕಮ್ಮ ತಾರಸಿಗೆ ಬಟ್ಟೆ ತೆಗೆಯಲು ಹೋದರು. ಹಿಂದಿನ ಮನೆಯ ಮುಂದೆ ಜನ ಸೇರಿದ್ದರು...

ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟು ಓಡಿದರು. ನಾನೂ ಹಿಂದೆ ಓಡಿದೆ.

ಚೆಲುವರಾಜುವನ್ನು ಜಗಲಿಯಲ್ಲಿ ಮಲಗಿಸಿ, ತಲೆಯ ಹತ್ತಿರ ದೀಪ ಹಚ್ಚಿದ್ದರು. ಆಟೊ ಸಿಗುವುದು ತಡವಾಗಿ, ಆಸ್ಪತ್ರೆಯ ದಾರಿಯಲ್ಲೇ ಉಸಿರು ನಿಂತಿತ್ತಂತೆ.

ಚಿಕ್ಕಮ್ಮ ನಂಜಮಣಿಯ ಕೈ ಹಿಡಿದುಕೊಂಡು ಅತ್ತರು.

"ಇಲ್ಲೇ ಇದ್ವಲ್ಲೇ... ನಮ್ ಕಾರಿತ್ತಲ್ಲೇ. ಒಂದ್ ಮಾತು ಕೂಗ್ಬಾರ್ದಿತ್ತಾ?"

ನಂಜಮಣಿ ಅಳುತ್ತಿರಲಿಲ್ಲ.

"ಕೂಗ್ದೆ ಅಕ್ಕ," ಅಂದಳು.

ಚಿಕ್ಕಮ್ಮ ತಲೆ ಎತ್ತಿ ಅವಳ ಮುಖ ನೋಡಿದರು.

"ಇವ್ರನ್ನ ಒಬ್ರನ್ನೇ ಬುಟ್ಟು ಬೀದಿ ಸುತ್ಕೊಂಡು ಬರಕ್ಕಾಗ್ನಿಲ್ಲ. ಕಿಟಕಿ ತಗ್ದು ಕೂಗ್ದೆ. ಒಳಗೆ ಟಿವೀಲಿ ನಗೋದು ಒಸಿ ಕೇಳ್ತಿತ್ತು... ಆ ಮಿಷನ್ ಸದ್ದಲ್ಲಿ ನನ್ ದನಿ ನಂಗೇ ಸರ್ಯಾಗಿ ಕೇಳುಸ್ನಿಲ್ಲ ಕನಕ್ಕ. ನಿಮ್ಗೆಂಗ್ ಕೇಳುಸ್ತದೆ?"

ಅವಳ ಮಾತಿನಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಚಿಕ್ಕಮ್ಮ ತಡೆದುಕೊಳ್ಳುತ್ತಿದ್ದರೇನೋ...

ಮನೆಗೆ ಬಂದು ನೋಡಿದರೆ, ಹಾಲ್‌ನಲ್ಲಿ ಚಾರ್ಜಿಗೆ ಹಾಕಿದ್ದ ಚಿಕ್ಕಮ್ಮನ ಫೋನಿನಲ್ಲೂ ನಂಜಮಣಿಯ ಮಿಸ್ಡ್ ಕಾಲ್ ಇತ್ತು.

ಕಾರಿನಲ್ಲಿ ಬೇಗ ಕರೆದೊಯ್ದಿದ್ದರೆ ಚೆಲುವರಾಜು ಉಳಿಯುತ್ತಿದ್ದರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಆದರೆ ಚಿಕ್ಕಮ್ಮ ಆ ದಿನದಿಂದ ಆ ಕೋಣೆಯಲ್ಲಿ ಕೂರುವುದನ್ನು ಬಿಟ್ಟರು.

ತಿಥಿ ಮುಗಿದ ವಾರವೇ ಮಳೆ ಬಂತು. ಊರೆಲ್ಲ ತಣ್ಣಗಾಯಿತು. ನಂಜಮಣಿ ಮನೆ ಖಾಲಿ ಮಾಡಿಕೊಂಡು ತಮ್ಮನ ಊರಿಗೆ ಹೋದಳು. ನಮಗೆ ಹೇಳಿ ಹೋಗಲಿಲ್ಲ.

ಮಾರನೆಯ ಮಧ್ಯಾಹ್ನ ಚಿಕ್ಕಪ್ಪ ಊಟ ಮುಗಿಸಿ, ಅಭ್ಯಾಸದಂತೆ ಕೋಣೆಗೆ ಹೋಗಿ ರಿಮೋಟ್ ಕೈಗೆತ್ತಿಕೊಂಡರು.

ಚಿಕ್ಕಮ್ಮ ಬಾಗಿಲ ಹತ್ತಿರ ನಿಂತು ಹೇಳಿದರು,

"ಅದನ್ನ ಬಿಚ್ಚಿಸ್ಬಿಡಿ ರೀ."

ಚಿಕ್ಕಪ್ಪ ರಿಮೋಟಿನ ಗುಂಡಿ ಒತ್ತಿದರು...

ಸಂದಿಯಲ್ಲಿ ಮಿಷನ್ ತಿರುಗಲು ಶುರುವಾಯಿತು.

* * *

ನಮ್ಮ ಕೋಣೆಯ ತಂಪು ಆಕಾಶದಿಂದ ಇಳಿಯುವುದಿಲ್ಲ... ನಮ್ಮ ಬಿಸಿಯನ್ನು ಇನ್ನೊಬ್ಬರ ಕಡೆಗೆ ತಳ್ಳಿದ ಮೇಲೆ ಬರುತ್ತದೆ.

ನಿಮ್ಮ ಮನೆಯ ಬಿಸಿಗಾಳಿ ಯಾರ ಕಿಟಕಿಗೆ ಹೋಗುತ್ತಿದೆ ಅಂತ, ಒಂದು ಸಲವಾದರೂ ಹೊರಗೆ ಹೋಗಿ ನೋಡಿದ್ದೀರಾ?