ಸುಟ್ಟ ಖನಿಜ

ಕುಲುಮೆಯಿಂದ ತೆಗೆದಿಟ್ಟಿದ್ದ ಬಟ್ಟಲನ್ನು ಗಂಡ ಅವಳ ಮುಂದೆ ಕುಕ್ಕಿದ. "ನೀನು ಎರಡು ವರ್ಷದಿಂದ ಸಂಶೋಧನೆ ಮಾಡ್ತಿದ್ದ ಖನಿಜ ಸುಟ್ಟು ಹಾಕಿದೀನಿ. ಅದರ ಪದರ ಎಲ್ಲ ಕುಸಿದು ಹೋಗಿದೆ. ಇನ್ನು ಏನು ತೋರಿಸಿ ಅದ್ಯಾವ ಊರಿಗೆ ಕೆಲಸಕ್ಕೆ ಹೋಗ್ತೀಯೋ ನೋಡ್ತೀನಿ," ಎಂದವನೇ ಕಪಾಳಕ್ಕೆ ಬಾರಿಸಿದ. ಅವನು ಪ್ರಯೋಗಾಲಯದ ಕುಲುಮೆ ನೋಡಿಕೊಳ್ಳುವವನು, ಅವಳು ಅಲ್ಲಿನ ಸಂಶೋಧಕಿ.

ತುಟಿಯ ರಕ್ತ ಒರೆಸಿಕೊಂಡು, ತಣ್ಣಗಾಗಿದ್ದ ಪುಡಿಯನ್ನು ಅವಳು ನೀರಿನ ಜಾಡಿಗೆ ಸುರಿದು ಕಲಕತೊಡಗಿದಳು.

"ಬೂದಿಗೆ ನೀರು ಹಾಕಿದ್ರೆ ಏನು ಬರುತ್ತೆ?" ಎನ್ನುತ್ತ ಅವನು ಜಾಡಿ ಉರುಳಿಸಲು ಕೈ ಚಾಚಿದ. ಅವಳು ಕಬ್ಬಿಣದ ಇಕ್ಕಳ ಎತ್ತಿ ಅವನ ಮಣಿಕಟ್ಟಿಗೆ ಬೀಸಿ ಹೊಡೆದಳು. ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಅವನು ಕೈ ಹಿಡಿದುಕೊಂಡು ನೆಲಕ್ಕೆ ಕುಸಿದ.

"ನೀರು ಕುಡಿದ್ರೆ ಇದರ ಪದರ ಮತ್ತೆ ಕಟ್ಟಿಕೊಳ್ಳುತ್ತೆ ಕಣ್ರೀ. ಕೆಲಸ ಕೊಡೋರಿಗೆ ಅದನ್ನ ತೋರಿಸೋಕೆ ನಾಳೆ ನಾನೇ ಸುಡೋಳಿದ್ದೆ," ಎಂದಳು, ಕಲಕುವ ಕೈ ನಿಲ್ಲಿಸದೆ.